ಹಂಚಿನ ಮನೆಯ ಅಟ್ಟದಲ್ಲಿ ಟಿವಿ ಆಂಟೆನಾ ಇಟ್ಟು, ಈಗಿರುವ ಡಿಟಿಎಚ್ ಕೇಬಲ್‌ಗೇ ಜೋಡಿಸಬಹುದೇ?

ಮನೆ ಬೆಳಗಾವಿಯಲ್ಲಿ, ರೀಚಾರ್ಜ್ ನಿಲ್ಲಿಸಿದ ಡಿಟಿಎಚ್‌ನ ಡಿಶ್, ಕೇಬಲ್ ಎರಡೂ ಹಾಗೇ ಇವೆ, ಹಳೆಯ ಕಡ್ಡಿ ಆಂಟೆನಾ ಅಟ್ಟದಲ್ಲಿ ಕಟ್ಟಿ ಅದೇ ಕೇಬಲ್‌ನಲ್ಲಿ ಚಂದನ ನೋಡಬೇಕು ಅಂತ ಕೇಳಿದ್ದೀರಿ. ಆಂಟೆನಾ ಹತ್ತಿಸುವ ಕೆಲಸ ಬಿಡ್ರಿ, ಅದು ಹಿಡಿಯಲು ಗಾಳಿಯಲ್ಲಿ ಈಗ ಏನೂ ಇಲ್ಲ. ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್‌ಗಳು, ಆಯಕಟ್ಟಿನ ಕೆಲವನ್ನು ಬಿಟ್ಟು, 2022ರ ಹೊತ್ತಿಗೆ ಬಂದ್ ಆದವು. ಡಿಜಿಟಲ್ ಪ್ರಸಾರ 2016ರಲ್ಲಿ 16 ನಗರಗಳಲ್ಲಿ ಶುರುವಾಯಿತು, ಅದರಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ಅಲ್ಲಿಂದ ಇಲ್ಲಿಗೆ ಆ ಅಲೆ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಮಾರುವ ಚಪ್ಪಟೆ 'ಎಚ್‌ಡಿ ಆಂಟೆನಾ' ತರಿಸಿದರೂ ದುಡ್ಡು ದಂಡ. ಆಂಟೆನಾವನ್ನೂ ಡಿಶ್‌ನ್ನೂ ಡೈಪ್ಲೆಕ್ಸರ್ ಹಾಕಿ ಒಂದೇ ಕೇಬಲ್‌ಗೆ ಸೇರಿಸುವ ವಿಡಿಯೊಗಳು ಹೊರದೇಶದವು, ಅಲ್ಲಿ ಗೋಪುರದ ಪ್ರಸಾರ ಇನ್ನೂ ನಡೆದಿದೆ.

ಆದರೆ ನಿಮ್ಮ ಡಿಶ್, ಕೇಬಲ್ ಎರಡೂ ಉಪಯೋಗಕ್ಕೆ ಬರುತ್ತವೆ. ತಿಂಗಳ ಖರ್ಚಿಲ್ಲದ ಡಿಡಿ ಫ್ರೀ ಡಿಶ್ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ, ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಹೊಸ ಸೆಟ್‌ಟಾಪ್ ಬಾಕ್ಸ್ ತರುವುದಾದರೆ ಎಂಪೆಗ್-4ರದ್ದೇ (ಚಿತ್ರ ಕುಗ್ಗಿಸಿ ಕಳಿಸುವ ಹೊಸ ಬಗೆ) ತನ್ನಿ. ಹಳೆಯ ಎಂಪೆಗ್-2 ಬಾಕ್ಸ್‌ನಲ್ಲಿ ಎಷ್ಟೋ ಚಾನೆಲ್ ತೆರೆಯುವುದಿಲ್ಲ.

ಡಿಶ್ ಅಟ್ಟದೊಳಗೆ ನಡೆಯುವುದಿಲ್ಲ. ಈ ತರಂಗಕ್ಕೆ ಹಂಚು ಅಡ್ಡ, ಮಳೆಗೆ ನೆನೆದ ಹಂಚಂತೂ ಗೋಡೆ. ಬಯಲಿಗೇ ಇರಬೇಕು. ಬೆಳಗಾವಿಯಿಂದ ಈ ಉಪಗ್ರಹ ಉತ್ತರದಿಂದ 128 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ತುಸು ಮೂಡಲಕ್ಕೆ, ನೆಲದಿಂದ ಸುಮಾರು 61 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಬಾಗಲಕೋಟೆ, ವಿಜಯಪುರದವರು 131-132 ಡಿಗ್ರಿ ಹಿಡಿಯಿರಿ, ಎತ್ತರ 62ರ ಆಸುಪಾಸು. ಎದುರಿನ ಮರ ಡಿಶ್‌ಗಿಂತ 9 ಮೀಟರ್ ಎತ್ತರವಿದ್ದರೆ ಅದು 5 ಮೀಟರ್‌ಗಿಂತ ಹೆಚ್ಚು ದೂರದಲ್ಲಿರಬೇಕು. ಡಿಶ್‌ನ ಮುಖ ಅಷ್ಟು ಮೇಲಕ್ಕೆ ನೋಡುವಂತೆ ಕಾಣದು, ಅದು ಆಫ್‌ಸೆಟ್ ಡಿಶ್, ಮುಖ ತೋರುವುದಕ್ಕಿಂತ ಮೇಲಿನಿಂದ ಬರುವ ತರಂಗ ಹಿಡಿಯುತ್ತದೆ. ಕಣ್ಣಂದಾಜಿಗೆ ಹಿಂದಕ್ಕೆ ವಾಲಿಸಬೇಡಿ, ಬ್ರ್ಯಾಕೆಟ್ ಮೇಲಿನ ಡಿಗ್ರಿ ಗೆರೆಯನ್ನೇ ನಂಬಿ.

ಹಳೆಯ ಡಿಶ್ ಟಾಟಾ ಪ್ಲೇದ್ದಾದರೆ ಅದು 83 ಡಿಗ್ರಿ ಉಪಗ್ರಹ ನೋಡುತ್ತಿದೆ. ಡಿಶ್ ಹಿಂದೆ ನಿಂತು ಎಡಕ್ಕೆ ಸುಮಾರು 23 ಡಿಗ್ರಿ ತಿರುಗಿಸಿ, 8 ಡಿಗ್ರಿ ಇಳಿಸಿ. ಡಿ2ಎಚ್‌ನದ್ದಾದರೆ (88 ಡಿಗ್ರಿ) ಎಡಕ್ಕೆ 10, ಕೆಳಕ್ಕೆ 4ರಿಂದ 5. ಡಿಶ್ ಟಿವಿಯದ್ದು 95 ಡಿಗ್ರಿ ನೋಡುತ್ತದೆ, ಬಲಕ್ಕೆ 2 ಡಿಗ್ರಿ ಜರುಗಿಸಿ 1 ಡಿಗ್ರಿ ಎತ್ತಿದರೆ ಸಾಕು. ಹೆಚ್ಚು ಜನ ಮೋಸ ಹೋಗುವುದೂ ಇಲ್ಲೇ. 60 ಸೆಂ.ಮೀ. ಡಿಶ್‌ನ ನೋಟವೇ ಸುಮಾರು 3 ಡಿಗ್ರಿ ಅಗಲ, ಹಾಗಾಗಿ ಪಕ್ಕದ ಉಪಗ್ರಹಕ್ಕೂ 'ಸ್ಟ್ರೆಂತ್' ಪಟ್ಟಿ ತುಂಬುತ್ತದೆ. ಎಲ್‌ಎನ್‌ಬಿಗೆ (ಡಿಶ್ ಮುಂದೆ ತೋಳಿನ ತುದಿಯಲ್ಲಿ ಕೂತು ತರಂಗ ಹಿಡಿಯುವ ಡಬ್ಬಿ) ಬರೀ ಕರೆಂಟ್ ಸಿಕ್ಕರೂ ಆ ಪಟ್ಟಿ ಏರುತ್ತದೆ, ಅದನ್ನು ನೋಡಲೇಬೇಡಿ. ಬಾಕ್ಸ್‌ನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಕೊಟ್ಟು 'ಕ್ವಾಲಿಟಿ' ಮಾತ್ರ ನೋಡಿ.

ಎಲ್‌ಎನ್‌ಬಿ ಮೇಲೆ 9.75/10.6 ಅಂತ ಬರೆದಿದ್ದರೆ ಹಳೆಯದೇ ನಡೆಯುತ್ತದೆ, ಬಾಕ್ಸ್‌ನಲ್ಲಿ 'ಯೂನಿವರ್ಸಲ್' ಆರಿಸಿ. ಎಲ್‌ಎನ್‌ಬಿ ಫ್ರೀಕ್ವೆನ್ಸಿ ಅಂತ ಬರೀ 10600 ಇಟ್ಟರೆ, ಅದನ್ನು 11090ರಿಂದ ಕಳೆದು ಕೇಬಲ್‌ಗೆ ಉಳಿಯುವುದು 490 ಮೆಗಾಹರ್ಟ್ಸ್. ಬಾಕ್ಸ್ ಕೇಳುವುದು 950ರಿಂದ ಮೇಲೆ, ಡಿಶ್ ಎಷ್ಟು ಸರಿಯಾಗಿ ತಿರುಗಿಸಿದರೂ ಏನೂ ಬರುವುದಿಲ್ಲ. ಕ್ವಾಲಿಟಿ ಬಂದ ಮೇಲೆ ಎಲ್‌ಎನ್‌ಬಿಯನ್ನು ಕ್ಲ್ಯಾಂಪ್‌ನೊಳಗೆ ನಿಧಾನಕ್ಕೆ ತಿರುವಿ, ಹೆಚ್ಚು ತೋರುವಲ್ಲಿ ಬಿಗಿ ಮಾಡಿ. ಒಂದೊಂದು ಚೂರು ಜರುಗಿಸಿ ಮೂರು ಸೆಕೆಂಡ್ ಕಾಯಿರಿ, ಪಟ್ಟಿ ತಡವಾಗಿ ಏಳುತ್ತದೆ. ನಟ್ಟುಗಳನ್ನು ಒಂದು ಬದಿ ಪೂರ್ತಿ ಬಿಗಿಯದೆ ಆಚೀಚೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಇಲ್ಲದಿದ್ದರೆ ಕೊನೆಯ ಸುತ್ತಿಗೆ ಡಿಶ್ ಕದಲುತ್ತದೆ.

ಕೇಬಲ್ ಆರ್‌ಜಿ-6 ಇರಬೇಕು. 20 ಮೀಟರ್‌ಗೆ ಸುಮಾರು 5 ಡಿಬಿ ನಷ್ಟ, ಅದು ಚಿಂತೆಯಲ್ಲ. ಕೆಡುವುದು ತುದಿಯಲ್ಲಿ. ಎರಡೂ ತುದಿ ಒಂದಿಷ್ಟು ಕತ್ತರಿಸಿ ತೆಗೆಯಿರಿ, ತಾಮ್ರ ಕಪ್ಪಾಗಿದ್ದರೆ ನೀರು ಹೊಕ್ಕಿದೆ, ಕೆಂಪಗೆ ಹೊಳೆಯುವ ತನಕ ಕತ್ತರಿಸಿ. ಎಫ್ ಕನೆಕ್ಟರ್‌ನಿಂದ ನಡುವಿನ ತಂತಿ 2-3 ಮಿ.ಮೀ. ಹೊರಗೆ ಕಾಣಲಿ. ಜಾಲರಿಯ ಒಂದೇ ಎಳೆ ಅದಕ್ಕೆ ತಾಗಿದರೂ ಶಾರ್ಟ್ ಆಗಿ ಬಾಕ್ಸ್ ಸುಮ್ಮನಾಗುತ್ತದೆ. ತಿರುವಿ ಹಾಕುವ ಕನೆಕ್ಟರ್‌ಗಿಂತ ಕ್ರಿಂಪ್ ಮಾಡುವುದು ಗಟ್ಟಿ. ಹೊರಗಿನ ಜೋಡಣೆಗೆ ರಬ್ಬರ್ ಟೇಪ್ ಸುತ್ತಿ, ಎಲ್‌ಎನ್‌ಬಿ ಕೆಳಗೆ ಕೇಬಲ್‌ನ್ನು ಒಂದು ಬಾಗು ಜೋತು ಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಲಿ. ಒಳಗೆ ತರುವಾಗ ಹಂಚು ಕೊರೆಯಬೇಡಿ. ಒಂದರ ಮೇಲೊಂದು ಕೂರುವ ಸಂದಿಯಲ್ಲೇ, ಹೊರಮುಖ ತಗ್ಗಾಗಿರುವಂತೆ ತೂರಿಸಿ.

ವಿಜಯಪುರ ಕಡೆಯ ಮೇಲ್ಮುದ್ದೆ (ಮಣ್ಣಿನ ಚಾವಣಿ) ಮನೆಗಳಲ್ಲಿ ಮಣ್ಣಿಗೆ ಬೋಲ್ಟ್ ಹಿಡಿಯುವುದಿಲ್ಲ, ಕಲ್ಲಿನ ಗೋಡೆಗೆ ಪೈಪ್ ಕಚ್ಚಿಸಿ. ಮಂಗಗಳ ಕಾಟ ಇರುವಲ್ಲಂತೂ ಗೋಡೆಯೇ ಸರಿ.

ಹಳೆಯ ಡಿಟಿಎಚ್ ಮತ್ತೆ ರೀಚಾರ್ಜ್ ಮಾಡಿ ಎರಡನ್ನೂ ಇಟ್ಟುಕೊಳ್ಳುವ ಮನಸ್ಸಿದ್ದರೆ ಡಿಶ್ ತಿರುಗಿಸಬೇಡಿ. ಇನ್ನೊಂದು ಡಿಶ್ ಹಾಕಿ, ಅದಕ್ಕೆ ಬೇರೆ ಕೇಬಲ್ ಎಳೆಯಿರಿ. ಅಂಗಡಿಯವನು ಸ್ಪ್ಲಿಟರ್ (ಒಂದು ಕೇಬಲ್‌ನ್ನು ಎರಡಾಗಿ ಕವಲೊಡೆಸುವುದು) ಕೊಟ್ಟರೆ ಬೇಡ ಅನ್ನಿ. ಎರಡೂ ಬಾಕ್ಸ್ ತಮಗೆ ಬೇಕಾದ 13 ಅಥವಾ 18 ವೋಲ್ಟ್ ಒಂದೇ ತಂತಿಗೆ ಕಳಿಸುತ್ತವೆ, ಒಂದು ಗೆದ್ದಾಗ ಇನ್ನೊಂದರ ಚಾನೆಲ್ ಹೋಗುತ್ತದೆ. ಎರಡು ಡಿಶ್‌ಗೆ ಒಂದೇ ಕೇಬಲ್ ಸಾಕಾಗುವುದು ಟಿವಿಯೊಳಗೊಂದೇ ಟ್ಯೂನರ್ ಇದ್ದು, ನಡುವೆ ಡೈಸೆಕ್ ಸ್ವಿಚ್ (ಟ್ಯೂನರ್ ಹೇಳಿದಂತೆ ಒಂದು ಸಲಕ್ಕೆ ಒಂದೇ ಡಿಶ್‌ನ್ನು ಕೇಬಲ್‌ಗೆ ಸೇರಿಸುವುದು) ಹಾಕಿ, ಎರಡೂ ಕಡೆ ಉಚಿತ ಚಾನೆಲ್ ಮಾತ್ರ ನೋಡುವಾಗ.