ಓದುಗರ ಪ್ರಶ್ನೆ: ವಾರವಾರವೂ ಕಂತಿನಲ್ಲಿ ಬಂದ ಉಗಿ ಎಂಜಿನ್

ಪ್ರಶ್ನೆ: ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ನಮ್ಮ ಅಜ್ಜನ ಟ್ರಂಕಿನಲ್ಲಿ ‘ದಿ ಮಾಡೆಲ್ ಎಂಜಿನಿಯರ್’ ಎಂಬ ಇಂಗ್ಲಿಷ್ ವಾರಪತ್ರಿಕೆಯ 1930ರ ದಶಕದ ಕೆಲವು ಸಂಚಿಕೆಗಳು ಸಿಕ್ಕಿವೆ. ಪುಟ್ಟ ಉಗಿ ಎಂಜಿನ್ ಕಟ್ಟುವ ಬಗೆಯನ್ನು ಅವುಗಳಲ್ಲಿ ಧಾರಾವಾಹಿಯಂತೆ ವಿವರಿಸಿ, ಬರೆದವರ ಹೆಸರಿನ ಜಾಗದಲ್ಲಿ ‘ಎಲ್.ಬಿ.ಎಸ್.ಸಿ.’ ಎಂದಷ್ಟೇ ಹಾಕಲಾಗಿದೆ. ಇವರು ಯಾರು? ಆಟಿಕೆಗಾಗಿ ಒಂದು ವಾರಪತ್ರಿಕೆಯೇ ನಡೆಯುತ್ತಿತ್ತೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನಡೆಯುತ್ತಿತ್ತು, ಆದರೆ ಆಟಿಕೆ ಎಂಬ ಮಾತನ್ನು ಅದರ ಓದುಗರು ಒಪ್ಪುತ್ತಿರಲಿಲ್ಲ. ಪರ್ಸಿವಲ್ ಮಾರ್ಷಲ್ ಅವರು 1898ರ ಜನವರಿಯಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಈ ಪತ್ರಿಕೆ ಮೊದಲು ಮಾಸಿಕವಾಗಿದ್ದು, ಆಮೇಲೆ ವಾರಪತ್ರಿಕೆಯಾಯಿತು. ಹಿತ್ತಲಿನ ಕೊಠಡಿಯಲ್ಲಿ ಸಣ್ಣದೊಂದು ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು, ದಿನದ ದುಡಿಮೆ ಮುಗಿದ ಮೇಲೆ ಲೋಹದೊಡನೆ ಗುದ್ದಾಡುತ್ತಿದ್ದ ಜನರೇ ಅದರ ಓದುಗರು.

ಎಲ್.ಬಿ.ಎಸ್.ಸಿ. ಎಂಬುದು ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳು. ಆ ರೈಲ್ವೆಯಲ್ಲಿ ದುಡಿದಿದ್ದ, ‘ಕರ್ಲಿ’ ಲಾರೆನ್ಸ್ ಎಂದು ಪರಿಚಿತರಾಗಿದ್ದ ಲೇಖಕರು (1883–1967) ಅದನ್ನೇ ತಮ್ಮ ಕಾವ್ಯನಾಮ ಮಾಡಿಕೊಂಡರು. ಕಂಪನಿ 1923ರಲ್ಲಿ ಸದರ್ನ್ ರೈಲ್ವೆಯಲ್ಲಿ ಲೀನವಾಯಿತು; ಆದರೂ ಅದರ ಹೆಸರು ಈ ಅಂಕಣದಲ್ಲಿ ಇನ್ನೂ ಹಲವು ದಶಕ ಬದುಕಿತು.

ಅವರು ಪ್ರಸಿದ್ಧರಾದದ್ದು ಒಂದು ಜಗಳದಿಂದ. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಸಣ್ಣ ಎಂಜಿನ್ನುಗಳಲ್ಲಿ ಬಹುಪಾಲು ಸ್ಪಿರಿಟ್ ದೀಪದ ಉರಿಯಿಂದ ಓಡುತ್ತಿದ್ದವು. ಇಷ್ಟು ಚಿಕ್ಕ ಬಾಯ್ಲರಿಗೆ ಕಲ್ಲಿದ್ದಲು ಹೊಂದುವುದಿಲ್ಲವೆಂಬುದು ಹಲವು ತಜ್ಞರ ನಂಬಿಕೆಯಾಗಿತ್ತು. ದೊಡ್ಡ ಎಂಜಿನ್ನಿನಂತೆಯೇ ಬೆಂಕಿಗೂಡು ಮತ್ತು ಬಿಸಿ ಹೊಗೆಯನ್ನು ಬಾಯ್ಲರಿನ ನೀರಿನ ನಡುವೆ ಸಾಗಿಸುವ ಹೊಗೆನಳಿಗೆಗಳನ್ನಿಟ್ಟು, ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯ ಮೂಲಕ ಹೊರಚಿಮ್ಮಿಸಿದರೆ, ಆ ಸೆಳೆತಕ್ಕೆ ಕಲ್ಲಿದ್ದಲೂ ಚೆನ್ನಾಗಿ ಉರಿಯುತ್ತದೆ, ಎಂಜಿನ್ ಹೆಚ್ಚು ಎಳೆದಷ್ಟೂ ಬೆಂಕಿ ಹೆಚ್ಚು ಜೋರಾಗುತ್ತದೆ ಎಂದು ಲಾರೆನ್ಸ್ ವಾದಿಸಿದರು. ಆದರೆ ನಳಿಗೆಗಳನ್ನು ಅಳತೆಗೆ ತಕ್ಕಂತೆ ಕಿರಿದು ಮಾಡುತ್ತ ಹೋದರೆ ಅವು ಮಸಿಯಿಂದ ಕಟ್ಟಿಕೊಳ್ಳುತ್ತವೆ. ಆದ್ದರಿಂದ ನಳಿಗೆಗಳು ಕಡಿಮೆಯಾಗಿರಬೇಕು, ಒಂದೊಂದೂ ಅಗಲವಾಗಿರಬೇಕು. ‘ಬಾಯ್ಲರುಗಳ ಕದನ’ ಎಂದೇ ಹೆಸರಾದ ಈ ವಾದವು 1924ರಲ್ಲಿ ಪತ್ರಿಕೆಯ ಪ್ರದರ್ಶನದಲ್ಲಿ ಪರೀಕ್ಷೆಗೆ ಬಂತು. ಹಳಿಗಳ ನಡುವೆ ಎರಡೂವರೆ ಅಂಗುಲವಷ್ಟೇ ಅಂತರವಿದ್ದ ದಾರಿಯಲ್ಲಿ ಅವರ ‘ಆಯೆಷಾ’ ಎಂಬ ಎಂಜಿನ್ ಕಲ್ಲಿದ್ದಲು ಉರಿಸಿಕೊಂಡು ಮನುಷ್ಯರನ್ನು ಎಳೆದು ತೋರಿಸಿತು.

ಅಜ್ಜನವರು ಸಂಚಿಕೆಗಳನ್ನು ಜೋಪಾನ ಮಾಡಿದ್ದಕ್ಕೆ ಕಾರಣವನ್ನು ಧಾರಾವಾಹಿಯ ಸ್ವರೂಪದಲ್ಲೇ ಊಹಿಸಬಹುದು. ಒಂದು ಕಂತಿನಲ್ಲಿ ಚೌಕಟ್ಟು, ಮುಂದೊಂದರಲ್ಲಿ ಗಾಲಿ, ಆಮೇಲೆ ಸಿಲಿಂಡರ್, ಕೊನೆಕೊನೆಗೆ ಬಾಯ್ಲರ್ – ಹೀಗೆ ತಿಂಗಳುಗಟ್ಟಲೆ ಸಾಗುವ ಕಥೆಯಲ್ಲಿ ಒಂದು ಸಂಚಿಕೆ ತಪ್ಪಿದರೆ ಎಂಜಿನ್ ಅಲ್ಲಿಗೇ ನಿಲ್ಲುತ್ತಿತ್ತು. ಎರಕದ ಬಿಡಿಭಾಗಗಳನ್ನು ವ್ಯಾಪಾರಿಗಳು ಮಾರುತ್ತಿದ್ದರು. ಲಾರೆನ್ಸರ ಬರಹ ಪಕ್ಕದಲ್ಲಿ ನಿಂತು ಹೇಳಿಕೊಡುವ ಹಿರಿಯ ಮೇಸ್ತ್ರಿಯ ಮಾತಿನಂತಿತ್ತು, ತುಸು ಗದರಿಕೆಯೂ ಸೇರಿ. ಅವರ ಎಂಜಿನ್ನುಗಳಿಗಿಂತ ಬರಹದ ಶೈಲಿಯೇ ಅವರನ್ನು ಉಳಿಸಿತು ಎನ್ನುವವರಿದ್ದಾರೆ. ಅದು ಪೂರ್ತಿ ನ್ಯಾಯವಲ್ಲ, ಏಕೆಂದರೆ ಅವರ ‘ಟಿಚ್’ ಎಂಬ ನಾಲ್ಕು ಗಾಲಿಯ ಎಂಜಿನ್ನನ್ನು ಹೊಸಬರು ಇಂದಿಗೂ ಕಟ್ಟುತ್ತಾರೆ.

ಪ್ರಶ್ನೆ: ಅಮೆರಿಕದಲ್ಲೂ ಇಂಥ ಪತ್ರಿಕೆಗಳಿದ್ದವೆ?
– ಓದುಗರೊಬ್ಬರು, ಮೈಸೂರು

ಉತ್ತರ: ಇದ್ದವು, ಆದರೆ ಅಲ್ಲಿ ದಾರಿ ಬೇಗ ಕವಲೊಡೆಯಿತು. ಮಿಲ್ವಾಕಿಯಲ್ಲಿ 1934ರಲ್ಲಿ ಹುಟ್ಟಿದ ‘ಮಾಡೆಲ್ ರೈಲ್‌ರೋಡರ್’ ವಿದ್ಯುತ್ತಿನಿಂದ ಓಡುವ ಕಿರುಗಾತ್ರದ ರೈಲುಗಳ ಕಡೆಗೆ ವಾಲಿತು. ಉಗಿಯನ್ನೇ ನೆಚ್ಚಿದವರಿಗೆ ಅದು ಸಾಲಲಿಲ್ಲ. 1960ರ ದಶಕದಲ್ಲಿ ಸುದ್ದಿಪತ್ರವಾಗಿ ಆರಂಭವಾದ ‘ಲೈವ್ ಸ್ಟೀಮ್’ ಅವರದೇ ಪತ್ರಿಕೆಯಾಗಿ ಬೆಳೆದು, ಮುಂದೆ ಮಿಷಿಗನ್ನಿನ ಟ್ರಾವರ್ಸ್ ಸಿಟಿಯಿಂದ ಹೊರಬರತೊಡಗಿತು.

ಪ್ರಶ್ನೆ: ಹಳೆಯ ಧಾರಾವಾಹಿಯನ್ನು ನೋಡಿಕೊಂಡು ಇಂದು ಎಂಜಿನ್ ಕಟ್ಟಬಹುದೆ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಚೌಕಟ್ಟು, ಗಾಲಿ, ಸಿಲಿಂಡರುಗಳನ್ನು ಧಾರಾಳವಾಗಿ ಕಟ್ಟಬಹುದು. ಆದರೆ ಹಳೆಯ ನಕ್ಷೆಗಳಲ್ಲಿ ಅಳತೆಯ ತಪ್ಪುಗಳಿರುತ್ತವೆ, ಆದ್ದರಿಂದ ಲೋಹ ಕತ್ತರಿಸುವ ಮೊದಲು ಲೆಕ್ಕ ಹಾಕಿ ನೋಡಿ. ಬಾಯ್ಲರಿನ ಮಾತು ಬೇರೆ. ಹಳೆಯ ವಿಧಾನದಲ್ಲಿ ಕೆಲವು ಜೋಡಣೆಗಳಿಗೆ ಸೀಸ ಬೆರೆತ, ಕಡಿಮೆ ಬಿಸಿಗೇ ಕರಗುವ ಮೆದು ಬೆಸುಗೆಯನ್ನು ಹಾಕುತ್ತಿದ್ದರು. ಈಗ ತಾಮ್ರದ ಬಾಯ್ಲರಿಗೆ ಬೆಳ್ಳಿ ಬೆಸುಗೆಯೇ ರೂಢಿ. ಉಗಿ ಏರಿಸುವ ಮೊದಲು ಬಾಯ್ಲರನ್ನು ಪೂರ್ತಿ ತಣ್ಣೀರಿನಿಂದ ತುಂಬಿಸಿ, ಕೆಲಸದ ಒತ್ತಡದ ಎರಡು ಪಟ್ಟು ಒತ್ತಡವನ್ನು ಕೈಪಂಪಿನಿಂದ ಹಾಕಿ, ತಿಳಿದವರೊಬ್ಬರ ಎದುರಿನಲ್ಲಿ ಪರೀಕ್ಷಿಸಬೇಕು. ಒತ್ತಡ ಬಿಟ್ಟಾಗ ನೀರು ಉಗಿಯಂತೆ ಹಿಗ್ಗುವುದಿಲ್ಲವಾದ್ದರಿಂದ ಬೆಸುಗೆ ಬಿಟ್ಟರೂ ಬರಿ ಸೋರುತ್ತದೆ. ಅದೇ ಬಿರುಕು ಉಗಿಯಲ್ಲಿ ಬಿಟ್ಟರೆ ಸಿಡಿಯುತ್ತದೆ.