ಹೊಲದಲ್ಲಿ ಸಿಕ್ಕ ನಾಣ್ಯ ಯಾರದ್ದು?

ಪುಣೆ ಜಿಲ್ಲೆಯ ಜುನ್ನರ್ ಹತ್ತಿರ ಗೆಳೆಯರ ಹೊಲದಲ್ಲಿ ಮೆಟಲ್ ಡಿಟೆಕ್ಟರ್ (ಲೋಹ ಪತ್ತೆ ಮಾಡುವ ಯಂತ್ರ) ಹಿಡಿದು ಹುಡುಕಬಹುದಾ, ಸಿಕ್ಕ ನಾಣ್ಯ ನಿಮ್ಮದೇ ಆಗುತ್ತಾ ಅಂತ ಕೇಳಿದ್ದೀರಿ. ಗೆಳೆಯರು ಹೂಂ ಅಂದರಷ್ಟೇ ಸಾಲದು ಸರ್. 1878ರ ನಿಧಿ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಮಣ್ಣಲ್ಲಿ ಹುದುಗಿದ್ದ ವಸ್ತುವಿನ ಬೆಲೆ 10 ರೂಪಾಯಿ ದಾಟಿದರೆ (ಹೌದು, ಬರೀ ಹತ್ತು!) ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಸಂರಕ್ಷಿತ ಗುಹೆ, ಕೋಟೆಗಳ ಕಡೆಗಂತೂ ಡಿಟೆಕ್ಟರ್ ಒಯ್ಯಲೇಬೇಡಿ.

ಇನ್ನು ಅಲ್ಲಿನ ಮಣ್ಣು. ಬಸಾಲ್ಟ್ ಕಲ್ಲಿನಿಂದಾದ ಕಪ್ಪು ಮಣ್ಣು, ಕಬ್ಬಿಣದ ಅಂಶ ಜಾಸ್ತಿ. ಅಗ್ಗದ ಯಂತ್ರ ಸುಮ್ನೆ ಕೂಗ್ತಾನೇ ಇರುತ್ತೆ. ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಖನಿಜಕ್ಕೆ ಕೂಗದಂತೆ ಹೊಂದಿಸುವ ಸೌಲಭ್ಯ) ಇರುವುದೇ ಬೇಕು. ಆದರೂ ಮೊದಲು ಸಿಗೋದು ನೇಗಿಲಿನ ಚೂರು, ಎತ್ತಿನ ಲಾಳ.

ಶಿವರಾಯಿ, ಅಂದರೆ ಶಿವಾಜಿ ಹೆಸರಿನ ತಾಮ್ರದ ನಾಣ್ಯ, ಸಿಕ್ಕರೆ ಒಂದು ಬದಿಯಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿಯಲ್ಲಿ ‘ಛತ್ರಪತಿ’ ಅಂತ ದೇವನಾಗರಿಯಲ್ಲಿ ಇರುತ್ತೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಆ ಹಸಿರು ಪದರದ ಜೊತೆ ಅಕ್ಷರವೂ ಹೋಗುತ್ತೆ. ಸಿಕ್ಕ ಜಾಗದ ಫೋಟೋ ತೆಗೆದು, ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿಡಿ.

ನಾಣ್ಯದ ಹುಚ್ಚಷ್ಟೇ ಇದ್ದರೆ, ಪುಣೆಯ ನಾಣ್ಯ ಪ್ರದರ್ಶನಗಳಲ್ಲಿ ರಸೀದಿ ಸಮೇತ ಶಿವರಾಯಿ ಕೊಳ್ಳೋದೇ ವಾಸಿ ಅಂತ ನನಗನ್ನಿಸುತ್ತೆ.