ಬೆಳಗಿನ ಕಟಕಟ ಸದ್ದು: ಟೈಮಿಂಗ್ ಚೈನ್ ಒಂದನ್ನೇ ಬದಲಿಸಿದರೆ ಸಾಕೇ?

ಪ್ರಶ್ನೆ: ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಮಾಪ್ಸಾ ಮಾರ್ಕೆಟ್ಟಿಗೆ ತರಕಾರಿ ತರುವ ಡೀಸೆಲ್ ಪಿಕಪ್ ನನ್ನದು. 2.60 ಲಕ್ಷ ಕಿ.ಮೀ. ಓಡಿದೆ. ತಿಂಗಳಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಮುಂಭಾಗದಲ್ಲಿ ಮೂರ್ನಾಲ್ಕು ಸೆಕೆಂಡ್ ಕಟಕಟ ಸದ್ದು, ಆಮೇಲೆ ನಿಲ್ಲುತ್ತದೆ. ಟೈಮಿಂಗ್ ಚೈನ್ ಒಂದು ಹಾಕಿದರೆ ಸಾಕು ಎನ್ನುತ್ತಾರೆ ಗ್ಯಾರೇಜಿನವರು. ಒಪ್ಪಲೇ? ಸೀಸನ್ ಮುಗಿಯುವವರೆಗೆ ಹೀಗೇ ಓಡಿಸಲೇ?
– ಓದುಗರು, ಮಾಪ್ಸಾ, ಗೋವಾ

ಉತ್ತರ: ಎರಡೂ ಬೇಡ. ಪಿಸ್ಟನ್ನುಗಳಿಗೆ ಕೂಡಿದ ಕ್ರ್ಯಾಂಕ್ ದಂಡವನ್ನೂ ವಾಲ್ವ್ ತೆರೆಯುವ ಕ್ಯಾಮ್ ದಂಡವನ್ನೂ ಹೊಂದಿಸಿ ತಿರುಗಿಸುವುದು ಟೈಮಿಂಗ್ ಚೈನ್. ಸದ್ದು ನಿಂತಿತು ಅಂದರೆ ದೋಷ ಹೋಯಿತು ಅಂತಲ್ಲ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಚೈನನ್ನು ಬಿಗಿ ಹಿಡಿಯುವ ಟೆನ್ಶನರ್ ಒಳಗಿನ ಆಯಿಲ್ ಇಳಿದುಹೋಗಿರುತ್ತದೆ. ಸಡಿಲ ಚೈನ್ ಪ್ಲಾಸ್ಟಿಕ್ ಗೈಡಿಗೆ ಬಡಿಯುತ್ತದೆ. ಆಯಿಲ್ ಪ್ರೆಶರ್ ಬಂದೊಡನೆ ಟೆನ್ಶನರ್ ಒತ್ತಿ ಹಿಡಿಯುತ್ತದೆ, ಸದ್ದು ಅಡಗುತ್ತದೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಕಳಪೆ ಆಯಿಲ್ ಫಿಲ್ಟರಿನ ವಾಲ್ವ್ ಆಯಿಲನ್ನು ತಡೆದಿಡದಿದ್ದರೂ ಹೀಗೇ ಸದ್ದು ಬರುತ್ತದೆ. ಆಯಿಲ್ ಮತ್ತು ಒಳ್ಳೆಯ ಫಿಲ್ಟರ್ ಬದಲಿಸಿ ಎರಡು ಮೂರು ಬೆಳಗ್ಗೆ ಕೇಳಿ ನೋಡಿ. ಹೋಗದಿದ್ದರೆ ಚೈನ್ ಸೆಟ್‌ನದೇ ತೊಂದರೆ. ಬಿಸಿ ಎಂಜಿನ್ನಿನಲ್ಲೂ ಸದ್ದು ಬಂದರೆ, ಅಥವಾ ಸ್ಕ್ಯಾನರಿನಲ್ಲಿ ಪಿ0016 ಕೋಡ್ ತೋರಿಸಿದರೆ, ಲೋಡ್ ಹಾಕಬೇಡಿ. ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದಾಣಿಕೆ ತಪ್ಪಿದೆ ಎಂದು ಹೇಳುವ ಕೋಡ್ ಅದು. ಕ್ರ್ಯಾಂಕ್ ಸ್ಪ್ರಾಕೆಟಿನಲ್ಲಿ (ಚೈನ್ ಕೂರುವ ಹಲ್ಲಿನ ಚಕ್ರ) 20 ಹಲ್ಲಿದ್ದರೆ ಒಂದು ಹಲ್ಲು ಜಿಗಿದರೂ 18 ಡಿಗ್ರಿ ವ್ಯತ್ಯಾಸ. ಇನ್ನೂ ಜಿಗಿದರೆ ಪಿಸ್ಟನ್ ವಾಲ್ವಿಗೆ ಬಡಿದು ಹೆಡ್ ಬಿಚ್ಚುವ ಕೆಲಸವಾಗುತ್ತದೆ.

ಚೈನ್ 'ಎಳೆದುಕೊಂಡಿದೆ' ಎನ್ನುತ್ತಾರಲ್ಲ, ಉಕ್ಕು ಹಿಗ್ಗಿರುವುದಿಲ್ಲ. ಡೀಸೆಲ್ ಮಸಿ ತುಂಬಿದ ಆಯಿಲಿನಲ್ಲಿ ಪ್ರತಿ ಕೊಂಡಿಯ ಪಿನ್ ಕೂದಲೆಳೆಯಷ್ಟು ಸವೆಯುತ್ತದೆ, ಎಲ್ಲ ಸೇರಿ ಉದ್ದವಾಗುತ್ತದೆ. ಹಳೆಯದನ್ನೂ ಹೊಸದನ್ನೂ ಒಂದೇ ಮೊಳೆಗೆ ತೂಗುಹಾಕಿದರೆ ಕಣ್ಣಿಗೇ ಕಾಣುತ್ತದೆ. ಉದ್ದವಾದ ಚೈನ್ ಹಲ್ಲಿನ ತುದಿಯ ಕಡೆ ಏರಿ, ಹಲ್ಲುಗಳನ್ನು ಕೊಕ್ಕೆಯಂತೆ ಸವೆಸಿರುತ್ತದೆ. ಅಂಥ ಸ್ಪ್ರಾಕೆಟಿಗೆ ಹಾಕಿದ ಹೊಸ ಚೈನ್ ಬೇಗ ಹಾಳು. ಆದ್ದರಿಂದ ಚೈನ್, ಎಲ್ಲ ಸ್ಪ್ರಾಕೆಟ್, ಟೆನ್ಶನರ್, ಗೈಡುಗಳು, ಮುಂದಿನ ಆಯಿಲ್ ಸೀಲ್, ಕವರ್ ಗ್ಯಾಸ್ಕೆಟ್, ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಇಷ್ಟೂ ಹೊಸದಿರಲಿ. ಮಜೂರಿ ಹೆಚ್ಚು ಹೋಗುವುದು ಮುಂಭಾಗ ಬಿಚ್ಚುವುದಕ್ಕೆ. ಅದನ್ನು ಎರಡು ಸಲ ಕೊಡುವುದೇಕೆ?

ಕೆಲಸದ ವೇಳೆ ನೀವೂ ಹತ್ತಿರ ನಿಲ್ಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಒಂದನೇ ಸಿಲಿಂಡರನ್ನು ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬರುವ ಜಾಗ) ತಂದು, ಕ್ರ್ಯಾಂಕ್ ಮತ್ತು ಕ್ಯಾಮ್‌ಗೆ ಲಾಕ್ ಪಿನ್ ಹಾಕಬೇಕು. ಆದರೆ ಪುಲ್ಲಿ ಬೋಲ್ಟ್ ಬಿಚ್ಚಲು, ಬಿಗಿಯಲು ಆ ಪಿನ್ನನ್ನೇ ಆಧಾರ ಮಾಡಬಾರದು, ಮುರಿಯುತ್ತದೆ. ಪುಲ್ಲಿ ಹಿಡಿಯುವ ಸಾಧನ ಬೇರೆಯೇ ಇದೆ. ಗೈಡಿನ ತುಂಡು ಉದುರಿದ್ದರೆ ಎಂಜಿನ್ ತಳದ ಆಯಿಲ್ ಚೇಂಬರ್ ಇಳಿಸಿ, ಆಯಿಲ್ ಸೋಸುವ ಸ್ಟ್ರೈನರ್ ತೊಳೆಯಲೇಬೇಕು. ಚೈನಿನ ಬಣ್ಣದ ಕೊಂಡಿಗಳನ್ನು ಸ್ಪ್ರಾಕೆಟಿನ ಗುರುತಿಗೆ ಕೂಡಿಸಿ, ಟೆನ್ಶನರ್ ಕೂರಿಸಿದ ಮೇಲೆ ಅದರ ಪ್ಲಂಜರ್ ಹಿಡಿದಿಟ್ಟ ಸಣ್ಣ ಪಿನ್ ಎಳೆಯಬೇಕು. ಆ ಪಿನ್ ಮರೆತು ಕವರ್ ಮುಚ್ಚಿದ ಎಂಜಿನ್ನುಗಳು ಎಷ್ಟೋ. ಪಿನ್ ನಿಮ್ಮ ಕೈಗೆ ಬರಲಿ.

ಈಗ ಬಹಳ ಮುಖ್ಯವಾದದ್ದು. ಲಾಕ್ ಪಿನ್‌ಗಳನ್ನೆಲ್ಲ ತೆಗೆದು, ಕೀ ಹಾಕದೆ, ಪಾನಾ ಹಿಡಿದು ಕೈಯಿಂದಲೇ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು, ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಬೇಕು. ಕಂಪ್ರೆಷನ್ ಆದರೆ ನಿಧಾನಕ್ಕೆ ಬಿಟ್ಟುಕೊಡುತ್ತದೆ; ವಾಲ್ವ್ ತಾಗಿದರೆ ಕಲ್ಲಿಗೆ ಬಡಿದಂತೆ ನಿಲ್ಲುತ್ತದೆ. ಹಾಗೆ ನಿಂತರೆ ಬಲ ಹಾಕದೆ, ಮತ್ತೆ ಟೈಮಿಂಗ್ ಕೂಡಿಸಬೇಕು. ಎರಡು ಸುತ್ತಿನ ನಂತರ ಲಾಕ್ ಪಿನ್‌ಗಳು ಸಲೀಸಾಗಿ ಹೋಗಬೇಕು. ಬಣ್ಣದ ಕೊಂಡಿಗಳು ಮತ್ತೆ ಗುರುತಿಗೆ ಬರದಿದ್ದರೆ ಗಾಬರಿ ಬೇಡ, ಅವು ಮೊದಲ ಜೋಡಣೆಗೆ ಮಾತ್ರ. ಪಿನ್ ತೆಗೆದು ಕವರ್, ಪುಲ್ಲಿ ಹಾಕಿ. ಬೋಲ್ಟಿನ ಬಿಗಿತ ಆ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ, ಟಾರ್ಕ್ ರೆಂಚಿನಲ್ಲೇ.

ಹೊಸ ಆಯಿಲ್ ತುಂಬಿ, ಇಂಜೆಕ್ಷನ್ ಬಂದ್ ಇಟ್ಟು, ಆಯಿಲ್ ಪ್ರೆಶರ್ ಬರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಮೇಲೆ ಸ್ಟಾರ್ಟ್. 1,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಇನ್ನೊಮ್ಮೆ ಬದಲಿಸಿದರೆ ಒಳಗುಳಿದ ಪುಡಿ ಹೊರಬರುತ್ತದೆ.

ಗ್ಯಾರೇಜಿಗೆ ಬಿಡುವ ದಿನದವರೆಗೆ ಒಂದು ಎಚ್ಚರಿಕೆ. ಘಾಟಿನ ಏರಿನಲ್ಲಿ ಗಾಡಿಯನ್ನು ಫಸ್ಟ್ ಗೇರಿನ ಮೇಲಷ್ಟೇ ನಿಲ್ಲಿಸಬೇಡಿ. ಹಿಂದಕ್ಕೆ ಜಾರಿದರೆ ಎಂಜಿನ್ ಉಲ್ಟಾ ತಿರುಗಿ ಸವೆದ ಚೈನ್ ಹಲ್ಲು ಜಿಗಿಯಬಹುದು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಮರದ ಅಡೆ ಕೊಟ್ಟು, ಭಾರ ಅದರ ಮೇಲೆ ಕೂತ ನಂತರ ಗೇರ್ ಹಾಕಿ.